ಬೆವರಿದರೆ ಜ್ವರ ಬಿಡುತ್ತಾ?

ಮಂಡ್ಯ ಸೀಮೆಯ ನಮ್ಮಜ್ಜಿ ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತಿರಲಿಲ್ಲ. ಕತ್ತಿನ ಹಿಂದಕ್ಕೆ ಕೈ ಹಾಕುತ್ತಿದ್ದಳು. ಅಲ್ಲಿ ಒದ್ದೆ ಸಿಕ್ಕಿದರೆ ಸಾಕು, "ಬೆವ್ರು ಬಂತು, ಇನ್ನ ಜರ ಬುಡ್ತದೆ ಬುಡು" ಎಂದು ಎದ್ದು ಒಲೆ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಕಂಬಳಿ ಹೊದಿಸುವುದು, ಮೆಣಸು ಜೀರಿಗೆ ಕಷಾಯ ಕುಡಿಸುವುದು, ಎಲ್ಲವೂ ಆ ಒದ್ದೆಗಾಗಿ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಆ ಮಾತು ಮಾತ್ರ ಹೋಗಿಲ್ಲ. ಕಳೆದ ಮಳೆಗಾಲದಲ್ಲಿ ಮೈಸೂರಿನ ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಅದನ್ನೇ ಬೇರೆ ವೇಷದಲ್ಲಿ ಕೇಳಿದೆ. ಮೂಗು ಸೋರುತ್ತಿತ್ತು, ಮೈ ಸ್ವಲ್ಪ ಬಿಸಿ ಇತ್ತು. ಹುಡುಗ ಟ್ರೇನರ್ ಹೇಳಿದ: "ಸಾರ್, ಇಪ್ಪತ್ತು ನಿಮಿಷ ಟ್ರೆಡ್‌ಮಿಲ್ ಹತ್ತಿ. ಬೆವರು ಹರೀಲಿ. ವೈರಲ್ ಎಲ್ಲಾ ಹೊರಟು ಹೋಗುತ್ತೆ." ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ರಿಟೈರ್ಡ್ ಮೇಷ್ಟ್ರು ತಕ್ಷಣ ಬಾಯಿ ಹಾಕಿದರು. "ಬೇಡ ಕಣಪ್ಪಾ, ಇಂಥ ಹೊತ್ತಲ್ಲಿ ಓಡಿದರೆ ಇಮ್ಯೂನಿಟಿ ಬಿದ್ದು ಹೋಗುತ್ತೆ."

ಮೈಸೂರಿನಲ್ಲಿ ಈ ಎರಡು ಪಂಗಡಗಳೂ ಬೇಕಾದಷ್ಟಿವೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬನ್ನಿ, ಎರಡು ಕಡೆಯವರೂ ಸಿಗುತ್ತಾರೆ. ನಾನು ಅವತ್ತು ಹುಡುಗನ ಮಾತು ಕೇಳಿದೆ. ಅದಕ್ಕಿಂತ ದೊಡ್ಡ ತಪ್ಪು ಮಾರನೇ ದಿನದ್ದು. ಬೆಳಿಗ್ಗೆ ಒಂದು ಪ್ಯಾರಾಸಿಟಮಾಲ್ ನುಂಗಿ, ಮೈ ತಣ್ಣಗಾಯಿತು ಎಂದುಕೊಂಡು, ಭಾನುವಾರದ ಅಭ್ಯಾಸ ತಪ್ಪಬಾರದು ಎಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆ. ಮುನ್ನೂರು ಮೆಟ್ಟಿಲಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕಣ್ಣು ಕತ್ತಲೆ ಬಂತು. ಪಕ್ಕದ ಕಟ್ಟೆಯ ಮೇಲೆ ಕುಳಿತು, ಮೇಲಿಂದ ಇಳಿದು ಬರುತ್ತಿದ್ದ ಅಜ್ಜಿಯೊಬ್ಬರು ಕೊಟ್ಟ ನೀರು ಕುಡಿದು, ಹಾಗೇ ಇಳಿದು ಬಂದೆ. ಆಮೇಲೆ ಎಂಟು ದಿನ ಹಾಸಿಗೆ ಬಿಡಲಿಲ್ಲ.

ಹಾಸಿಗೆಯಲ್ಲಿ ಬಿದ್ದವನಿಗೆ ಓದುವುದು ಬಿಟ್ಟು ಬೇರೆ ಏನು ಕೆಲಸ? ಓದುತ್ತಾ ಹೋದ ಹಾಗೆ ಒಂದು ವಿಷಯ ತಮಾಷೆಯಾಗಿ ಕಂಡಿತು. ಟ್ರೇನರ್ ಹುಡುಗ ಹೇಳಿದ್ದು ತಪ್ಪು. ಮೇಷ್ಟ್ರು ಹೇಳಿದ್ದು ಸರಿ. ಆದರೆ ಮೇಷ್ಟ್ರು ಕೊಟ್ಟ ಕಾರಣ ತಪ್ಪು. ಜ್ವರ ಇದ್ದಾಗ ಯಾಕೆ ಓಡಬಾರದು ಎಂಬುದಕ್ಕೆ ನಿಜವಾದ ಉತ್ತರ ಇಮ್ಯೂನಿಟಿಯಲ್ಲಿ ಇಲ್ಲ. ಅದು ಇರುವುದು ಹೃದಯದಲ್ಲಿ.

ಮೊದಲು ಬೆವರಿನ ವಿಷಯ ಮುಗಿಸೋಣ. ನಮ್ಮ ಮಿದುಳಿನಲ್ಲಿ ಮೈ ಬಿಸಿ ನೋಡಿಕೊಳ್ಳುವ ಒಂದು ಜಾಗ ಇದೆ. ಗೀಸರಿನ ಗುಂಡಿ ಇದ್ದ ಹಾಗೆ. ಮಾಮೂಲಿ ದಿನ ಅದು 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ನಿಂತಿರುತ್ತದೆ. ರೋಗಾಣು ಒಳಗೆ ಬಂದಾಗ ದೇಹವೇ ಆ ಗುಂಡಿಯನ್ನು 102ಕ್ಕೆ ತಿರುಗಿಸುತ್ತದೆ. ಆಗ ಮೈ ಇನ್ನೂ 99ರಲ್ಲಿ ಇರುತ್ತದಲ್ಲ, ಗುಂಡಿ ಇಟ್ಟ ಜಾಗಕ್ಕಿಂತ ಅದು ಕಡಿಮೆ. ಹಾಗಾಗಿ ನಮಗೆ ಚಳಿ ಆಗುತ್ತದೆ. ಹಲ್ಲು ಕಟಕಟ ಎನ್ನುತ್ತದೆ. ನಡುಗುವುದು ಅಂದರೆ ಏನು? ಮಾಂಸಖಂಡಗಳು ಬಿಡದೆ ಕೆಲಸ ಮಾಡಿ ಬಿಸಿ ಹುಟ್ಟಿಸುವುದು. ಒಂದು ಲೆಕ್ಕದಲ್ಲಿ ಚಳಿಜ್ವರ ಬಂದವನು ಹಾಸಿಗೆಯಲ್ಲಿ ಮಲಗಿಯೇ ಕಸರತ್ತು ಮಾಡುತ್ತಿರುತ್ತಾನೆ!

ಕಾಯಿಲೆ ಇಳಿಮುಖವಾದಾಗ ಗುಂಡಿ ಮತ್ತೆ 98.6ಕ್ಕೆ ಬರುತ್ತದೆ. ಮೈ ಮಾತ್ರ ಇನ್ನೂ 102ರಲ್ಲಿದೆ. ಜಾಸ್ತಿ ಇರುವ ಬಿಸಿ ಹೊರಗೆ ಹಾಕಬೇಕು. ಅದಕ್ಕೆ ಬೆವರು. ಅಂದರೆ ಅಜ್ಜಿ ನೋಡಿದ್ದು ಸರಿಯೇ. ಬೆವರು ಬಂದರೆ ಜ್ವರ ಇಳಿಯುತ್ತಿದೆ ಎಂದೇ ಅರ್ಥ. ಆದರೆ ಬೆವರು ಜ್ವರ ಇಳಿಸಿದ್ದಲ್ಲ. ಜ್ವರ ಇಳಿಯುತ್ತಿದ್ದುದರಿಂದ ಬೆವರು ಬಂದದ್ದು. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಎಲೆ ಎತ್ತುತ್ತಾರೆ ಅಂತ, ಎಲೆ ಎತ್ತಿದರೆ ಹೊಟ್ಟೆ ತುಂಬುತ್ತಾ?

ಟ್ರೆಡ್‌ಮಿಲ್ ಮೇಲೆ ಬರುವ ಬೆವರು ಬೇರೆ ಕತೆ. ಅಲ್ಲಿ ಗುಂಡಿ ಮೇಲೇ ಇದೆ, ನೀವು ಕೆಳಗಿನಿಂದ ಇನ್ನಷ್ಟು ಸೌದೆ ಹಾಕುತ್ತಿದ್ದೀರಿ. ಮೈ ಬಿಸಿ ಇನ್ನೂ ಏರುತ್ತದೆ, ನೀರು ಉಪ್ಪು ಎರಡೂ ಹೋಗುತ್ತವೆ. ವೈರಸ್ ಬೆವರಿನ ಜೊತೆ ಹೊರಗೆ ಹೋಗುವುದಿಲ್ಲ. ಅದು ಮೂಗು, ಗಂಟಲು, ಶ್ವಾಸಕೋಶದ ಜೀವಕೋಶಗಳ ಒಳಗೆ ಆರಾಮಾಗಿ ಕುಳಿತಿರುತ್ತದೆ. ನಮ್ಮಜ್ಜಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬೆವರಲಿ ಎಂದು ಅವಳು ಯಾರನ್ನೂ ಗದ್ದೆಗೆ ಓಡಿಸಲಿಲ್ಲ. ಮಲಗಿಸಿಯೇ ಬೆವರಿಸುತ್ತಿದ್ದಳು. ಜಿಮ್ಮಿಗೆ ಬರುವ ದಾರಿಯಲ್ಲಿ ಆ ಅರ್ಧ ಎಲ್ಲೋ ಬಿದ್ದು ಹೋಗಿದೆ.

ಈಗ ಮೇಷ್ಟ್ರ ಇಮ್ಯೂನಿಟಿಗೆ ಬರೋಣ. ಅವರ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1982ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 56 ಕಿಲೋಮೀಟರಿನ ಟೂ ಓಷನ್ಸ್ ಓಟ ಮುಗಿದ ಮೇಲೆ ಸಂಶೋಧಕರು ಓಟಗಾರರನ್ನು ಎರಡು ವಾರ ವಿಚಾರಿಸಿದರು. 100ರಲ್ಲಿ 33 ಜನ ಮೂಗು, ಗಂಟಲಿನ ತೊಂದರೆ ಹೇಳಿಕೊಂಡರು. ಓಡದೆ ಇದ್ದವರಲ್ಲಿ ಅದು 100ಕ್ಕೆ 15. ಆಮೇಲೆ 1987ರ ಲಾಸ್ ಏಂಜಲೀಸ್ ಮ್ಯಾರಥಾನ್. ಡೇವಿಡ್ ನೀಮನ್ ಎಂಬ ವಿಜ್ಞಾನಿ ಸುಮಾರು 2,300 ಓಟಗಾರರನ್ನು ಕೇಳಿದರು. ಓಡಿದವರಲ್ಲಿ ಶೇಕಡಾ 12.9 ಮಂದಿಗೆ ಮುಂದಿನ ವಾರ ನೆಗಡಿ ಜ್ವರದ ಲಕ್ಷಣ. ಅಷ್ಟೇ ತಯಾರಿ ಮಾಡಿಕೊಂಡೂ ಅವತ್ತು ಓಡದವರಲ್ಲಿ ಶೇಕಡಾ 2.2.

ಈ ಅಂಕಿಗಳಿಂದ ಒಂದು ದೊಡ್ಡ ಸಿದ್ಧಾಂತವೇ ಹುಟ್ಟಿತು. ಜೋರಾಗಿ ಓಡಿದ ಮೇಲೆ ಕೆಲವು ಗಂಟೆ ದೇಹದ ಕಿಟಕಿ ತೆರೆದಿರುತ್ತದೆ, ಆಗ ರೋಗಾಣು ಸುಲಭವಾಗಿ ಒಳಗೆ ಬರುತ್ತದೆ ಎಂದರು. ರಕ್ತ ತೆಗೆದು ನೋಡಿದಾಗ ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಓಡುವಾಗ ಬಿಳಿ ರಕ್ತಕಣಗಳು ರಕ್ತದಲ್ಲಿ ಒಮ್ಮೆಲೇ ಜಾಸ್ತಿಯಾಗುತ್ತವೆ. ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅವುಗಳಲ್ಲಿ ಲಿಂಫೋಸೈಟ್ ಎಂಬ ಬಗೆ ಮೊದಲಿಗಿಂತಲೂ ಕೆಳಗೆ ಇಳಿಯುತ್ತದೆ. ಮೂವತ್ತು ವರ್ಷ ಎಲ್ಲರೂ ಇದನ್ನೇ ಓದಿದರು, ಬರೆದರು. ಮೇಷ್ಟ್ರ ಕಿವಿಗೂ ಬಿದ್ದಿರಬೇಕು.

ಆದರೆ ಆ ಕಣಗಳು ಹೋದದ್ದು ಎಲ್ಲಿಗೆ? ಸತ್ತು ಹೋದವಾ? 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಹಳೆಯ ಅಧ್ಯಯನಗಳನ್ನೆಲ್ಲ ಕೆದಕಿ ಒಂದು ಪ್ರಬಂಧ ಬರೆದರು. ಅವರ ವಾದ ಇಷ್ಟು: ಕಣಗಳು ಎಲ್ಲೂ ಕಳೆದು ಹೋಗಿಲ್ಲ. ರಕ್ತದಿಂದ ಇಳಿದು ಶ್ವಾಸಕೋಶ, ಕರುಳು, ಮೂಳೆಯ ಮಜ್ಜೆಯ ಕಡೆ ಹೋಗಿವೆ. ಅವುಗಳಲ್ಲಿ ಶ್ವಾಸಕೋಶ, ಕರುಳು ರೋಗಾಣು ಬರುವ ಬಾಗಿಲುಗಳೇ. ಇಲಿಗಳಲ್ಲಿ ಕಣಗಳಿಗೆ ಗುರುತು ಹಾಕಿ ಬಿಟ್ಟಾಗ ಹೀಗೇ ಕಂಡಿತ್ತು.

ಇದನ್ನು ಮೈಸೂರಿನವರಿಗೆ ವಿವರಿಸುವುದು ಸುಲಭ. ಜಂಬೂಸವಾರಿ ದಿನ ಮಧ್ಯಾಹ್ನ ಯಾವುದಾದರೂ ಪೊಲೀಸ್ ಠಾಣೆಗೆ ಹೋಗಿ ತಲೆ ಎಣಿಸಿ. ಇಬ್ಬರೋ ಮೂವರೋ ಇರುತ್ತಾರೆ. ಊರಿನಲ್ಲಿ ಪೊಲೀಸರೇ ಇಲ್ಲ ಅಂತ ಬರೆದುಕೊಂಡು ಬರಬಹುದು. ಆದರೆ ಅವರೆಲ್ಲ ಸಯ್ಯಾಜಿರಾವ್ ರಸ್ತೆಯಲ್ಲಿ, ಬನ್ನಿಮಂಟಪದ ದಾರಿಯಲ್ಲಿ ನಿಂತಿರುತ್ತಾರೆ. ಅವತ್ತಿನಷ್ಟು ಕಾವಲು ಮೈಸೂರಿನಲ್ಲಿ ಬೇರೆ ಯಾವ ದಿನವೂ ಇರುವುದಿಲ್ಲ.

ಹಾಗಾದರೆ ಮ್ಯಾರಥಾನ್ ಓಡಿದವರಿಗೆ ಗಂಟಲು ಕೆರೆತ ಯಾಕೆ ಬಂತು? ಮೊದಲನೆಯದು, ಅದು ಎಲ್ಲ ಸಲವೂ ಸೋಂಕಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಟಲು ನೋವು ಎಂದ ಕ್ರೀಡಾಪಟುಗಳ ಗಂಟಲಿನ ದ್ರವವನ್ನೇ ಲ್ಯಾಬಿಗೆ ಕಳಿಸಿದರು. ರೋಗಾಣು ಸಿಕ್ಕಿದ್ದು ಶೇಕಡಾ 30ಕ್ಕಿಂತ ಕಡಿಮೆ ಸಲ. ಗಂಟೆಗಟ್ಟಲೆ ಬಾಯಲ್ಲಿ ಒಣಗಾಳಿ, ಧೂಳು ಎಳೆದರೆ ಗಂಟಲು ಕೆರೆಯದೆ ಇರುತ್ತಾ? ಎರಡನೆಯದು, ಮ್ಯಾರಥಾನ್ ಅಂದರೆ ಬರೀ ಓಟ ಅಲ್ಲ. ಬಸ್ಸು, ವಿಮಾನದ ಪ್ರಯಾಣ, ಸಾವಿರಾರು ಜನರ ಗುಂಪು, ಹಿಂದಿನ ರಾತ್ರಿ ಬಾರದ ನಿದ್ದೆ.

ನಿದ್ದೆಯ ಬಗ್ಗೆ ಒಂದು ಪಕ್ಕಾ ಪ್ರಯೋಗ ಇದೆ. 2015ರಲ್ಲಿ ಅಮೆರಿಕದಲ್ಲಿ 164 ಜನರ ಮೂಗಿಗೆ ಬೇಕೆಂದೇ ನೆಗಡಿ ವೈರಸ್ಸಿನ ಹನಿ ಹಾಕಿ ನೋಡಿದರು. ಆರು ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಾಧ್ಯತೆ, ಏಳು ಗಂಟೆಗಿಂತ ಜಾಸ್ತಿ ಮಲಗುವವರಿಗಿಂತ ನಾಲ್ಕು ಪಟ್ಟು. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ, ಐದಕ್ಕೆ ಅಲಾರಂ ಇಟ್ಟು ಜಿಮ್ಮಿಗೆ ಓಡಿ ಬರುವ ನಮ್ಮ ಹುಡುಗರು "ಇಮ್ಯೂನಿಟಿಗೆ ಏನು ತಿನ್ನಬೇಕು ಸಾರ್" ಎಂದು ಕೇಳಿದಾಗ ನನಗೆ ಈ ಪ್ರಯೋಗವೇ ನೆನಪಾಗುತ್ತದೆ.

ಹಾಗೆಂದು ಮೇಷ್ಟ್ರ ಮಾತು ಪೂರ್ತಿ ಸುಳ್ಳಾಯಿತು ಅಂತಲ್ಲ. ವಿಜ್ಞಾನಿಗಳ ನಡುವೆ ಜಗಳ ಇನ್ನೂ ನಡೆಯುತ್ತಿದೆ. ನೀಮನ್ ಅವರ ಕಡೆಯವರೂ ಸುಮ್ಮನಿಲ್ಲ. ಆದರೆ ಆ ಜಗಳ ಇರುವುದು ಗಂಟೆಗಟ್ಟಲೆ ಮೈಮುರಿದು ಓಡುವವರ ಬಗ್ಗೆ. ದಿನಾ ಅರ್ಧ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವವರ ವಿಷಯದಲ್ಲಿ ಎರಡು ಕಡೆಯವರೂ ಒಂದೇ. ಅದೇ ನೀಮನ್ 1,002 ಜನರನ್ನು 12 ವಾರ ಗಮನಿಸಿದರು. ವಾರಕ್ಕೆ ಐದು ದಿನ ಅಥವಾ ಜಾಸ್ತಿ ವ್ಯಾಯಾಮ ಮಾಡುವವರು ನೆಗಡಿ ಕೆಮ್ಮಿನಲ್ಲಿ ಕಳೆದ ದಿನಗಳು, ಹೆಚ್ಚು ಕಡಿಮೆ ಏನೂ ಮಾಡದವರಿಗಿಂತ ಶೇಕಡಾ 43ರಷ್ಟು ಕಡಿಮೆ. ಅವರು ಬೇರೆ ವಿಷಯದಲ್ಲೂ ಜಾಗ್ರತೆ ಇರುವ ಜನ ಇರಬಹುದು, ಎಲ್ಲವನ್ನೂ ವ್ಯಾಯಾಮದ ಲೆಕ್ಕಕ್ಕೆ ಬರೆಯಲಾಗದು. ಆದರೂ ಕೆರೆ ಏರಿ ಮೇಲೆ ನಡೆಯುವವರು ಹೆದರಬೇಕಾದ್ದೇನೂ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಆರೋಗ್ಯವಾಗಿರುವವರ ವಿಷಯ. ಈಗಾಗಲೇ ನೆಗಡಿ ಹಿಡಿದಿದೆ, ಆಗೇನು?

ಇದಕ್ಕೂ ಒಂದು ಪ್ರಯೋಗ ಇದೆ. 1998ರಲ್ಲಿ ಪ್ರಕಟವಾದದ್ದು. ಥಾಮಸ್ ವೈಡ್ನರ್ ಎಂಬುವವರು 50 ಯುವಕ ಯುವತಿಯರಿಗೆ ರೈನೋವೈರಸ್ ಅಂಟಿಸಿದರು. ಮಾಮೂಲಿ ನೆಗಡಿ ತರುವ ವೈರಸ್ ಅದು. 34 ಜನ ದಿನ ಬಿಟ್ಟು ದಿನ 40 ನಿಮಿಷ ವ್ಯಾಯಾಮ ಮಾಡಿದರು, 16 ಜನ ಸುಮ್ಮನಿದ್ದರು. ಹತ್ತು ದಿನ ಮೂಗಿನ ಟಿಶ್ಯೂ ಪೇಪರನ್ನೂ ತೂಕ ಹಾಕಿ ಲೆಕ್ಕ ಇಟ್ಟರು. ನೆಗಡಿ ಜೋರೂ ಆಗಲಿಲ್ಲ, ಬೇಗ ಬಿಡಲೂ ಇಲ್ಲ. ಎರಡೂ ಗುಂಪಿಗೆ ಒಂದೇ.

ನಮ್ಮೂರ ಎರಡು ಪಂಗಡಗಳಿಗೂ ಇದು ಬೇಸರದ ಸುದ್ದಿ. ಓಡಿದರೆ ನೆಗಡಿ ಓಡಲ್ಲ. ಓಡಿದರೆ ಇಮ್ಯೂನಿಟಿ ಬಿದ್ದು ನೆಗಡಿ ಉಲ್ಬಣವೂ ಆಗಲ್ಲ. ನೆಗಡಿ ತನ್ನ ಪಾಡಿಗೆ ತಾನು ಬಂದು, ತನ್ನ ಪಾಡಿಗೆ ಹೋಗುತ್ತದೆ. ಇದಕ್ಕೆ ಹೊಂದುವ ಹಾಗೆಯೇ ಕ್ರೀಡಾ ವೈದ್ಯರು "ಕತ್ತಿನ ಲೆಕ್ಕ" ಎನ್ನಬಹುದಾದ ಒಂದು ರೂಢಿ ಮಾಡಿಕೊಂಡಿದ್ದಾರೆ. ತೊಂದರೆ ಕತ್ತಿನಿಂದ ಮೇಲಿದ್ದರೆ, ಅಂದರೆ ಸೀನು, ಮೂಗು ಸೋರುವುದು, ಸ್ವಲ್ಪ ಗಂಟಲು ಕೆರೆತ, ಆಗ ಹಗುರವಾಗಿ ನಡೆಯಬಹುದು. ಹತ್ತು ನಿಮಿಷ ನಡೆದು ನೋಡಿ, ಸುಸ್ತು ಜಾಸ್ತಿಯಾದರೆ ಮನೆಗೆ ಬರುವುದು. ಕತ್ತಿನಿಂದ ಕೆಳಗೆ ಇಳಿದಿದ್ದರೆ, ಅಂದರೆ ಎದೆಯ ಕೆಮ್ಮು, ಮೈಕೈ ನೋವು, ವಾಂತಿ ಭೇದಿ, ಆಗ ಬೇಡ. ಜ್ವರ ಇದ್ದರೆ ಕತ್ತಿನ ಲೆಕ್ಕವೇ ಬೇಡ, ಚಪ್ಪಲಿ ಬಿಚ್ಚಿ ಮಲಗುವುದು.

ಯಾಕೆ? ಇಲ್ಲೇ ಹೃದಯ ಬರುವುದು.

ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು ಹತ್ತು ಬಡಿತ ಏರುತ್ತದೆ. 102 ಫ್ಯಾರನ್‌ಹೀಟ್ ಜ್ವರ ಅಂದರೆ ಹತ್ತಿರಹತ್ತಿರ ಎರಡು ಡಿಗ್ರಿ ಸೆಲ್ಸಿಯಸ್ ಏರಿದಂತೆ. ಸುಮ್ಮನೆ ಮಲಗಿದ್ದರೂ ಹೃದಯ ಇಪ್ಪತ್ತು ಬಡಿತ ಜಾಸ್ತಿ ದುಡಿಯುತ್ತಿದೆ. ಅದರ ಮೇಲೆ ಬೆಟ್ಟ ಹತ್ತಿಸಿದರೆ ನನಗೆ ಆದದ್ದೇ ಆಗುತ್ತದೆ. ಇದು ಚಿಕ್ಕ ತೊಂದರೆ. ದೊಡ್ಡದು ಬೇರೆ ಇದೆ.

ಕೆಲವು ವೈರಸ್‌ಗಳು ಮೂಗು ಗಂಟಲಿಗೆ ನಿಲ್ಲದೆ ಹೃದಯದ ಸ್ನಾಯುವಿಗೂ ಇಳಿಯುತ್ತವೆ. ಅಲ್ಲಿ ಉರಿಯೂತ ಆಗುತ್ತದೆ. ಇದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತಾರೆ. ಕಾಕ್ಸಾಕಿ ಎಂಬ ವೈರಸ್ ಇದಕ್ಕೆ ಹೆಸರುವಾಸಿ. ಫ್ಲೂ, ಕೋವಿಡ್ ವೈರಸ್‌ಗಳಿಂದಲೂ ಆಗಬಹುದು. 1970ರಲ್ಲಿ ಅಮೆರಿಕದಲ್ಲಿ ಕಾಕ್ಸಾಕಿ ಅಂಟಿಸಿದ ಇಲಿಮರಿಗಳನ್ನು ನೀರಿನಲ್ಲಿ ಬಲವಂತವಾಗಿ ಈಜಿಸಿದರು. ಸುಮ್ಮನೆ ಬಿಟ್ಟ ಇಲಿಗಳಿಗೆ ಹೋಲಿಸಿದರೆ ಈಜಿದವುಗಳ ಹೃದಯದಲ್ಲಿ ವೈರಸ್ 530 ಪಟ್ಟು. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಹಾಗೇ ಆಗಲ್ಲ, ಒಪ್ಪೋಣ. ಇಂಥ ಪ್ರಯೋಗ ಮನುಷ್ಯರ ಮೇಲೆ ಮಾಡಲೂ ಆಗುವುದಿಲ್ಲ.

ಆದರೆ ಸ್ವೀಡನ್ನಿನಲ್ಲಿ ಯಾರೂ ಮಾಡದೆಯೇ ಅಂಥದ್ದೊಂದು ನಡೆದುಹೋಯಿತು. ಅಲ್ಲಿ ಓರಿಯೆಂಟೀರಿಂಗ್ ಎಂಬ ಆಟ ಜನಪ್ರಿಯ. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತಾ ಓಡುವುದು. 1979ರಿಂದ 1992ರ ನಡುವೆ ಈ ಆಟದ 16 ಯುವ ಓಟಗಾರರು ಇದ್ದಕ್ಕಿದ್ದ ಹಾಗೆ ಸತ್ತರು. ಎಲ್ಲರೂ ಗಟ್ಟಿಮುಟ್ಟು. ಶವ ಪರೀಕ್ಷೆಯಲ್ಲಿ ಹೆಚ್ಚಿನವರ ಹೃದಯದಲ್ಲಿ ಉರಿಯೂತದ ಗುರುತು ಸಿಕ್ಕಿತು. ಕೊನೆಗೆ 1992ರಲ್ಲಿ ಆಟದ ಸಂಸ್ಥೆಯೇ ಸುಮಾರು ಆರು ತಿಂಗಳು ಉನ್ನತ ಮಟ್ಟದ ತರಬೇತಿ, ಸ್ಪರ್ಧೆ ಎಲ್ಲ ನಿಲ್ಲಿಸಿತು. ಮೈ ಸರಿಯಿಲ್ಲದಾಗ ಓಡಬಾರದು ಎಂದು ಹುಡುಗರಿಗೆ ತಿಳಿ ಹೇಳಿತು. ಆಮೇಲೆ ವರ್ಷಗಟ್ಟಲೆ ಇಂಥ ಸಾವು ಆಗಲಿಲ್ಲ. ಯಾವ ರೋಗಾಣು ಎಂಬ ವಾದ ಮಾತ್ರ ಮುಗಿದಿಲ್ಲ. ಈ ಇಡೀ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಈ ಹದಿನಾರು ಓಟಗಾರರ ಕತೆಯೇ.

ಇದು ಅಪರೂಪದ ಕಾಯಿಲೆ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಜ್ವರದಲ್ಲಿ ಓಡಿದ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅದೇ ತೊಂದರೆ. ಹತ್ತು ಸಲ ಏನೂ ಆಗದಿದ್ದರೆ "ನಾನು ಜ್ವರದಲ್ಲೂ ಬೆಂಚ್ ಪ್ರೆಸ್ ಮಾಡಿದವನು" ಎಂಬ ಧೈರ್ಯ ಬರುತ್ತದೆ. ಈ ಸಲದ ವೈರಸ್ ಯಾವುದು, ಅದು ಎಲ್ಲಿಗೆ ಇಳಿದಿದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಜ್ವರದ ಜೊತೆಗೋ, ಬಿಟ್ಟ ಮೇಲೋ ಎದೆ ನೋವು, ಎದೆ ಡವಡವ, ಉಸಿರು ಸಿಗದಿರುವುದು, ತಲೆ ಸುತ್ತಿ ಬೀಳುವುದು ಕಂಡರೆ ಇಸಿಜಿ ಮಾಡಿಸಲೇಬೇಕು. ಮಯೋಕಾರ್ಡೈಟಿಸ್ ಎಂದು ಖಚಿತವಾದರೆ ಮೂರರಿಂದ ಆರು ತಿಂಗಳು ಜೋರು ಆಟ, ಕಸರತ್ತು ಬಿಡಿ ಎನ್ನುವುದು ವೈದ್ಯರ ವಾಡಿಕೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಜಿಮ್ ಅಂದರೆ ಒಂದು ಭಯ ಹುಟ್ಟಿತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಆ ಸಾವುಗಳಿಗೂ ಜ್ವರಕ್ಕೂ ನಾನು ಗಂಟು ಹಾಕುತ್ತಿಲ್ಲ. ನನಗೆ ವಿಚಿತ್ರ ಅನಿಸುವುದು ಇಷ್ಟೇ: ಹೃದಯದ ಭಯಕ್ಕೆ ವ್ಯಾಯಾಮವನ್ನೇ ಬಿಟ್ಟ ಜನ ಇದ್ದಾರೆ. ಮಾತ್ರೆ ನುಂಗಿಕೊಂಡು ಜ್ವರದಲ್ಲಿ ಜಿಮ್ಮಿಗೆ ಬರುವವರಿಗೆ ಮಾತ್ರ ಆ ಭಯ ಇಲ್ಲ.

ಮಾತ್ರೆ ಅಂದೆನಲ್ಲ, ಅದು ಒಂದು ಮೋಸಗಾರ. ಪ್ಯಾರಾಸಿಟಮಾಲ್ ಗೀಸರಿನ ಗುಂಡಿಯನ್ನು ಕೆಲವು ಗಂಟೆ ಕೆಳಗೆ ಹಿಡಿದಿಡುತ್ತದೆ, ಅಷ್ಟೇ. ವೈರಸ್ ಇದ್ದಲ್ಲೇ ಇರುತ್ತದೆ. ಥರ್ಮಾಮೀಟರ್ 98 ತೋರಿಸುತ್ತದೆ, ನಾವು ಬೆಟ್ಟ ಹತ್ತುತ್ತೇವೆ. ಜ್ವರ ಬಿಟ್ಟಿತು ಎನ್ನಬೇಕಾದರೆ ಮಾತ್ರೆ ಇಲ್ಲದೆ 24 ಗಂಟೆ ಮೈ ತಣ್ಣಗಿರಬೇಕು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ತಿಂದು, ಬೆವರು ಹರಿಸಿ, ನೀರೂ ಕುಡಿಯದಿದ್ದರೆ ಮೂತ್ರಪಿಂಡಕ್ಕೂ ಏಟು. ಡೆಂಗಿ ಇದ್ದರಂತೂ ಆ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ.

ಡೆಂಗಿ ನಮ್ಮ ಕಡೆಯವರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಮಳೆ ಶುರುವಾಯಿತು ಅಂದರೆ ಮೈಸೂರು, ಮಂಡ್ಯದ ಯಾವ ಜ್ವರವನ್ನೂ "ಬರೀ ವೈರಲ್" ಎಂದು ಮೊದಲ ದಿನವೇ ಹೇಳಲಾಗದು. ಮತ್ತೆ ಡೆಂಗಿಯ ಕುತಂತ್ರ ನೋಡಿ. ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ. ಅಮ್ಮ ದೇವರಿಗೆ ದೀಪ ಹಚ್ಚುತ್ತಾರೆ, ಮಗ ಶೂ ಹುಡುಕುತ್ತಾನೆ. ಆದರೆ ಅಪಾಯದ ಹಂತ ಶುರುವಾಗುವುದೇ ಆಗ. ಜ್ವರ ಇಳಿದ ಮುಂದಿನ 24ರಿಂದ 48 ಗಂಟೆಯಲ್ಲಿ ಕೆಲವರಿಗೆ ರಕ್ತನಾಳಗಳಿಂದ ದ್ರವ ಸೋರುತ್ತದೆ, ಪ್ಲೇಟ್ಲೆಟ್ ಕುಸಿಯುತ್ತದೆ, ಬಿಪಿ ಬೀಳುತ್ತದೆ. ಆ ಎರಡು ದಿನ ಬೆವರು ಹರಿಸುವುದು ಅಂದರೆ ತಳ ಸೋರುವ ಬಿಂದಿಗೆಯನ್ನು ಬಗ್ಗಿಸಿ ಸುರಿದ ಹಾಗೆ. ಅಜ್ಜಿಯ "ಬೆವ್ರು ಬಂತು, ಜರ ಬುಡ್ತು" ಸೋಲುವುದು ಇಲ್ಲಿ. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಇದರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಬೇಕು, ಜ್ವರ ಇದ್ದರೂ ಇಲ್ಲದಿದ್ದರೂ.

ಪಕ್ಕದವರ ಮಾತನ್ನೂ ಒಂದಿಷ್ಟು ಆಡಬೇಕು. ಮಾಮೂಲಿ ನೆಗಡಿಯಲ್ಲಿ ನಡೆದರೆ ನನಗೇನೂ ಆಗಲ್ಲ, ಸರಿ. ಎಸಿ ಹಾಕಿ ಕಿಟಕಿ ಮುಚ್ಚಿದ ಜಿಮ್ಮಿನಲ್ಲಿ ನಾನು ಏದುಸಿರು ಬಿಟ್ಟರೆ? 2022ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅಳೆದು ನೋಡಿದರು. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 580 ಸೂಕ್ಷ್ಮ ಹನಿಗಳು ಉಸಿರಿನಲ್ಲಿ ಹೊರಬಿದ್ದರೆ, ಪೂರ್ತಿ ಶಕ್ತಿ ಹಾಕಿ ಸೈಕಲ್ ತುಳಿದಾಗ ಸುಮಾರು 76,000. ನೂರು ಪಟ್ಟಿಗಿಂತ ಜಾಸ್ತಿ! 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚೊನಾನ್ ಎಂಬ ಊರಿನ ಜುಂಬಾ, ಅಂದರೆ ಹಾಡಿಗೆ ಜೋರಾಗಿ ಕುಣಿಯುವ ವ್ಯಾಯಾಮದ ಕ್ಲಾಸುಗಳಿಂದ 112 ಜನರಿಗೆ ಕೋವಿಡ್ ಬಂತು. ಅಲ್ಲಿಯ ಸೋಂಕಿತ ಶಿಕ್ಷಕರಲ್ಲಿ ಒಬ್ಬರು ಅದೇ ದಿನಗಳಲ್ಲಿ ಪಿಲಾಟಿಸ್ ಎಂಬ ನಿಧಾನದ ವ್ಯಾಯಾಮ, ಯೋಗವನ್ನೂ ಹೇಳಿಕೊಟ್ಟಿದ್ದರು. ಆ ಚಿಕ್ಕ ಕ್ಲಾಸಿನಲ್ಲಿ ಒಬ್ಬರಿಗೂ ಅಂಟಲಿಲ್ಲ. ಉಸಿರಿನ ಜೋರು, ಕೋಣೆಯ ಗುಂಪು, ಇವೆರಡರ ವ್ಯತ್ಯಾಸವೇ ಕಾರಣ ಇರಬಹುದು. ನೆಗಡಿ ಇದ್ದವರು ನಡೆಯಲೇಬೇಕು ಎಂದರೆ ಕೆರೆ ಏರಿಗೆ ಬರಲಿ, ಬಯಲಲ್ಲಿ ನಡೆಯಲಿ.

ಯೋಗ ಅಂದಾಗ ಗೋಕುಲಂ ನೆನಪಾಯಿತು. ಪಟ್ಟಾಭಿ ಜೋಯಿಸರು ಬೆಳೆಸಿದ ಅಷ್ಟಾಂಗ ಯೋಗ ಕಲಿಯಲು ಪ್ರಪಂಚದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಸುವು ಬೇಡುವ ಅಭ್ಯಾಸ ಅದು. ಅಲ್ಲೂ ವಾರಕ್ಕೊಂದು ದಿನ ರಜೆ, ಅಮಾವಾಸ್ಯೆ ಹುಣ್ಣಿಮೆಗೂ ರಜೆ. ನಮ್ಮಲ್ಲಿ ಬಿಡುವು ಕೊಡುವುದು ಸೋಮಾರಿತನ ಎಂದು ಯಾರೂ ತಿಳಿದಿರಲಿಲ್ಲ. ಚರಕ ಸಂಹಿತೆಯಲ್ಲಿ ಹೊಸ ಜ್ವರದಲ್ಲಿ ಬಿಡಬೇಕಾದವುಗಳ ಪಟ್ಟಿ ಇದೆ. ಸ್ನಾನ, ಕೋಪ, ಗಾಳಿಗೆ ಮೈಯೊಡ್ಡುವುದು ಇವುಗಳ ಜೊತೆ ವ್ಯಾಯಾಮವೂ ಇದೆ. ಜ್ವರ ಬಿಟ್ಟ ಮೇಲೂ ಬಲ ಬರುವವರೆಗೆ ವ್ಯಾಯಾಮ ಬೇಡ, ತಿರುಗಾಟವೂ ಬೇಡ ಎನ್ನುತ್ತದೆ ಅದು. ಗಮನಿಸಿ, ಜ್ವರ ಬಿಡುವವರೆಗೆ ಎನ್ನಲಿಲ್ಲ. ಬಲ ಬರುವವರೆಗೆ ಎಂದಿತು. ವೈರಸ್, ಮಯೋಕಾರ್ಡೈಟಿಸ್ ಯಾವುದರ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಬರೀ ರೋಗಿಗಳನ್ನು ನೋಡಿ ನೋಡಿ ಇಷ್ಟು ಸೂಕ್ಷ್ಮ ಹಿಡಿದಿದ್ದಾರೆ.

ಇಷ್ಟೆಲ್ಲ ಬರೆದ ಮೇಲೆ ನನಗೆ ಒಂದು ಮುಜುಗರವೂ ಇದೆ. "ಜ್ವರ ಬಂದರೆ ಮಲಗಿ" ಎನ್ನುವುದು ಯಾರಿಗೆ? ಮಂಡ್ಯದ ಗದ್ದೆಯಲ್ಲಿ ಕಬ್ಬು ಕಡಿಯುವವರಿಗೆ ಟನ್ ಲೆಕ್ಕದಲ್ಲಿ ಕೂಲಿ. ಮಲಗಿದ ದಿನ ಸೊನ್ನೆ. ಅವರ ಹೃದಯಕ್ಕೆ ಜಿಮ್ಮಿನ ಕಬ್ಬಿಣವೂ ಒಂದೇ, ಕಬ್ಬಿನ ಹೊರೆಯೂ ಒಂದೇ. ಎರಡನೆಯದು ಇನ್ನೂ ಭಾರ, ಅದೂ ಬಿಸಿಲಿನಲ್ಲಿ. ಜ್ವರದಲ್ಲೇ ಮೂರು ಹೊತ್ತು ಅಡುಗೆ ಮಾಡಿ, ಬಟ್ಟೆ ಒಗೆದು, "ಸ್ವಲ್ಪ ಓಡಾಡಿದರೆ ಹಗುರ ಆಗುತ್ತೆ" ಎಂದು ಗಂಡನಿಂದ ಕೇಳಿಸಿಕೊಳ್ಳುವ ಹೆಂಗಸರೂ ನಮ್ಮ ಮನೆಗಳಲ್ಲೇ ಇದ್ದಾರೆ. ವ್ಯಾಯಾಮದ ಬಗ್ಗೆ ಬರೆಯುವ ಲೇಖನಗಳಲ್ಲಿ ಇವರು ಬರುವುದೇ ಇಲ್ಲ. ಸಂಬಳ ಕಳೆಯದ ಎರಡು ದಿನದ ರಜೆ ಇವರಿಗೆ ಸಿಗಬೇಕಾದ ಔಷಧಿ. ಅದು ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ.

ಜಿಮ್ಮಿನವರ ಕಡೆಗೆ ವಾಪಸ್ ಬಂದರೆ, ಅವರ ಭಯ ಬೇರೆ. ಒಂದು ವಾರ ಬಿಟ್ಟರೆ ಕಟ್ಟಿದ ಮೈ ಕರಗಿ ಹೋಗುತ್ತದೆ ಎಂಬುದು. ಕರಗುವುದಿಲ್ಲ. ಮಾಂಸಖಂಡದ ಬಲ ಎರಡು ಮೂರು ವಾರ ಸುಮಾರಾಗಿ ಹಾಗೇ ಇರುತ್ತದೆ. ಓಡುವ ದಮ್ಮು ಇಳಿಯಲು ಶುರುವಾಗುವುದೂ ಹತ್ತು ದಿನ, ಎರಡು ವಾರದ ಮೇಲೆ. ಜ್ವರ ಬಿಟ್ಟ ಮೇಲೆ ಸುಸ್ತು ಕಾಣುವುದು ಕಾಯಿಲೆಯದ್ದು, ಬಿಡುವಿನದ್ದಲ್ಲ. ಇನ್ನೊಂದು ಕಾರಣ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೂರು ತಿಂಗಳ ಫೀಸು ಮೊದಲೇ ಕಟ್ಟಿರುತ್ತೇವೆ, ಹೋಗದ ದಿನದ ದುಡ್ಡು ದಂಡ. ಕಾಯಿಲೆ ಬಿದ್ದ ದಿನಗಳನ್ನು ಮುಂದಕ್ಕೆ ಸೇರಿಸಿ ಕೊಡುತ್ತೇವೆ ಎಂದು ಜಿಮ್ಮಿನವರು ಬೋರ್ಡು ಹಾಕಿದರೆ ಈ ಲೇಖನಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಮತ್ತೆ ಶುರು ಮಾಡಲು ನಾನು ಕಂಡುಕೊಂಡ ದಾರಿ ಬೆಳಗಿನ ನಾಡಿ. ಹಾಸಿಗೆಯಿಂದ ಏಳುವ ಮೊದಲೇ ಒಂದು ನಿಮಿಷ ಎಣಿಸುವುದು. ಚೆನ್ನಾಗಿದ್ದಾಗ ನನ್ನದು 70ರ ಆಸುಪಾಸು. ಜ್ವರ ಬಿಟ್ಟ ಮಾರನೇ ದಿನ 86 ಇತ್ತು. ಹೊರಗೆ ಹೋಗಲಿಲ್ಲ. ಎರಡು ದಿನ ಬಿಟ್ಟು 80. ಮನೆ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ ನಡೆದೆ, ಸೊಪ್ಪಿನ ಗಾಡಿಯವರೆಗೆ. ಮತ್ತೆ ಮೂರು ದಿನಕ್ಕೆ 74. ಕುಕ್ಕರಹಳ್ಳಿ ಕೆರೆಯಲ್ಲಿ ಅರ್ಧ ದಾರಿ ಹೋಗಿ ತಿರುಗಿದೆ. ಮೇಷ್ಟ್ರು ಸಿಕ್ಕಿದರು. ಜಂಬೂಸವಾರಿಯ ಪೊಲೀಸರ ಕತೆ ಹೇಳಿದೆ. ನಕ್ಕರು, ಒಪ್ಪಲಿಲ್ಲ. "ಏನೇ ಆಗಲಿ, ನಾನು ಬೇಡ ಅಂದಿದ್ದು ಸರಿ ತಾನೆ?" ಎಂದರು. ಸರಿಯೇ ಎಂದೆ.

ನಾಡಿ 70ಕ್ಕೆ ಬಂದ ಮೊದಲ ಭಾನುವಾರ ಬೆಟ್ಟಕ್ಕೆ ಹೋದೆ. ನಂದಿಯವರೆಗೆ ಹತ್ತಿ, ಕಲ್ಲಿನ ನೆರಳಲ್ಲಿ ಹತ್ತು ನಿಮಿಷ ಕುಳಿತು, ಕಡಲೆಕಾಯಿ ತಿಂದು ಇಳಿದು ಬಂದೆ. ಮೇಲಿನ ಮುನ್ನೂರು ಮೆಟ್ಟಿಲು ಮುಂದಿನ ವಾರಕ್ಕೆ ಉಳಿದವು.